ಹೆಣ್ಣೊಪ್ಪಿಸುವ ರಾಗವೂ ಈರುಳ್ಳಿ ಹುಳಿಯೂ

ಪಕ್ಕದ ಮನೆಯವರ ಕಾರು ಹಿಂದಕ್ಕೆ ಚಲಿಸಿದಾಗಲೆಲ್ಲ ನನಗೆ ಹಸಿವಾಗುತ್ತದೆ.

ಹೊಸ ಕಾರು. ರಿವರ್ಸ್ ಗೇರಿಗೆ ಹಾಕಿದ ಕೂಡಲೇ ಅದರ ಹಿಂಭಾಗದಲ್ಲೆಲ್ಲೋ ಅಡಗಿರುವ ಡಬ್ಬಿಯೊಂದು ಮೂಗಿನಲ್ಲಿ ಹಾಡತೊಡಗುತ್ತದೆ. ಈಚೆಗೆ ಮೈಸೂರಿನ ಅರ್ಧ ಕಾರುಗಳಿಗೆ ಈ ಕಾಯಿಲೆ ಅಂಟಿಕೊಂಡಿದೆ. ಮುಂದಕ್ಕೆ ಹೋಗುವಾಗ ತೆಪ್ಪಗಿರುವ ವಾಹನ, ಹಿಂದಕ್ಕೆ ಹೋಗುವಾಗ ಸಂಗೀತ ವಿದ್ವಾಂಸನಾಗಿಬಿಡುತ್ತದೆ. ಕೆಲವು ದೇಶಭಕ್ತಿಯ ಕಾರುಗಳು, ಕೆಲವು ದೈವಭಕ್ತಿಯವು. ಪಕ್ಕದವರದು ಮಾತ್ರ ಶೋಕರಸ. ಅದು ಶುರುವಾದರೆ ಎದುರುಮನೆಯ ನಾಯಿ ಕತ್ತೆತ್ತಿ ಊಳಿಡುತ್ತದೆ. ಮಹಡಿಯ ಮೇಲಿನ ಬಾಡಿಗೆಯವರ ಮಗು ಕೈತಟ್ಟಿ ಕುಣಿಯುತ್ತದೆ. ನನ್ನ ಬಾಯಲ್ಲಿ ನೀರೂರುತ್ತದೆ. ಅದೂ ಸುಮ್ಮನೆ ಏನೋ ತಿನ್ನಬೇಕೆಂದಲ್ಲ, ಈರುಳ್ಳಿ ಹುಳಿಯೇ ಬೇಕು ಎಂದು. ಸಂಗೀತದಲ್ಲೇ ಭಾವನೆ ತುಂಬಿಕೊಂಡಿರುತ್ತದೆ ಎಂದು ವಾದಿಸುವ ಮಹನೀಯರು ಈ ಮೂರು ಪ್ರಾಣಿಗಳಲ್ಲಿ ಯಾರ ಪಕ್ಷ ವಹಿಸುತ್ತಾರೆ?

ಕ್ಷಮಿಸಿ, ಪ್ರಶ್ನೆಯನ್ನು ಹಾಗೆ ಮುಖಕ್ಕೆ ಎಸೆಯಬಾರದಿತ್ತು. ಹಳೆಯ ಚಟ. ಹೈಸ್ಕೂಲಿನಿಂದ ಹಿಡಿದು ಡಿಗ್ರಿ ಮುಗಿಯುವ ತನಕ ಮೈಸೂರಿನಲ್ಲಿ ನಡೆದ ಚರ್ಚಾಸ್ಪರ್ಧೆಗಳ ಪೈಕಿ ನಾನು ಮಾತಾಡದೆ ಬಿಟ್ಟವು ಮಹಿಳೆಯರಿಗೆ ಮೀಸಲಾಗಿದ್ದವು ಮಾತ್ರ. ಯಾವಾಗಲೂ ವಿರೋಧ ಪಕ್ಷ. ವಿಜ್ಞಾನ ವರ ಎಂದರೆ ವಿರೋಧ. ಮರುವರ್ಷ ವಿಜ್ಞಾನ ಶಾಪ ಎಂದರು, ಆಗಲೂ ವಿರೋಧ. ಮೂರನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ನಾಲ್ಕಕ್ಕೆ ಕೊನೆಯ ಗಂಟೆ. ಈಗಲೂ ಯಾರಾದರೂ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ನನ್ನ ಬಾಯಿಂದ 'ಕೊನೆಯದಾಗಿ ಒಂದು ಮಾತು' ಎಂಬುದು ತಾನಾಗಿ ಹೊರಡುತ್ತದೆ. "ಈ ಮುಂಡೇದು ಹುಟ್ದಾಗ ಅಳ್ಲೇ ಇಲ್ಲ ಕಣ್ರೀ, ಡಾಕ್ಟರ ಜೊತೆ ವಾದಕ್ಕೆ ನಿಂತಿತ್ತು" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹೆಮ್ಮೆಯಿಂದ ಹೇಳುತ್ತಿದ್ದಳೋ ದುಃಖದಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸಂಗೀತದ ವಿಷಯದಲ್ಲಿ ನನ್ನ ಸಂಶಯ ಹತ್ತನೇ ವಯಸ್ಸಿನಲ್ಲೇ ಶುರುವಾಯಿತು. ಅದಕ್ಕೆ ಕಾರಣ ರೇಡಿಯೋ. ನಿಮಗೂ ನೆನಪಿರಬೇಕು, ಆಗ ದೇಶದ ದೊಡ್ಡ ಮನುಷ್ಯರು ಯಾರಾದರೂ ತೀರಿಕೊಂಡರೆ ರೇಡಿಯೋದವರು ಹಾಡು, ನಾಟಕ, ಕೃಷಿರಂಗ ಎಲ್ಲವನ್ನೂ ನಿಲ್ಲಿಸಿ ದಿನವಿಡೀ ವೀಣೆ ಹಾಕಿಬಿಡುತ್ತಿದ್ದರು. ದೊಡ್ಡವರು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದರು. ದೇವರಾಜ ಮೊಹಲ್ಲಾದ ನಮ್ಮ ಬೀದಿಯ ಹುಡುಗರಿಗೆ ಅದರ ಅರ್ಥ ಒಂದೇ: ಸ್ಕೂಲಿಗೆ ರಜ. ಯಾವ ಮನೆಯಿಂದ ಮೊದಲು ವೀಣೆ ಕೇಳಿಸಿತೋ ಆ ಮನೆಯ ಹುಡುಗ ಬ್ಯಾಟು ಹಿಡಿದು ಬೀದಿಗೆ ಹಾರುತ್ತಿದ್ದ. ಹೀಗಿರುವಾಗ ನಮ್ಮ ಅಜ್ಜಿ ಒಮ್ಮೆ ನನ್ನನ್ನು ರಾಮೋತ್ಸವದ ಕಚೇರಿಗೆ ಕರೆದುಕೊಂಡು ಹೋದಳು. ವೇದಿಕೆಯ ಮೇಲೆ ದಪ್ಪ ಜರಿಯಂಚಿನ ಸೀರೆಯುಟ್ಟ ವಿದುಷಿ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿ ಮೊದಲ ತಂತಿ ಮೀಟಿದರು. ಸಭೆ ನಿಶ್ಶಬ್ದ. ನಾನು ಎದ್ದು ನಿಂತು ಇಡೀ ಪೆಂಡಾಲಿಗೆ ಕೇಳುವಂತೆ, "ಅಜ್ಜೀ, ಯಾರು ಹೋಗ್ಬುಟ್ರು? ನಾಳೆ ರಜಾನಾ?" ಎಂದು ಕುಣಿದೆ. ವಿದುಷಿ ಕಣ್ಣು ಬಿಟ್ಟರು. ಅಜ್ಜಿ ನನ್ನ ತೊಡೆಯನ್ನು ಹಿಡಿದು ತಿರುವಿದ ರೀತಿಗೆ ಯಾವ ರಾಗವಿಲ್ಲದೆಯೂ ಕರುಣರಸ ಉಕ್ಕಿತು.

ಈ ಪ್ರಸಂಗವನ್ನೇ ನಾನು ಡಿಗ್ರಿಯ ಎರಡನೇ ವರ್ಷದಲ್ಲಿ ಬಂಡವಾಳ ಮಾಡಿಕೊಂಡೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಂತರ ಕಾಲೇಜು ಚರ್ಚಾಸ್ಪರ್ಧೆ. ವಿಷಯ, 'ಸಂಗೀತಕ್ಕೆ ಮನಸ್ಸನ್ನು ಕರಗಿಸುವ ಶಕ್ತಿಯಿದೆ'. ಪರವಾಗಿ ಮಾತಾಡಿದವರೆಲ್ಲ ಮಳೆ ಸುರಿಸಿದರು, ದೀಪ ಹಚ್ಚಿದರು, ಹಸುವಿನ ಕೆಚ್ಚಲಲ್ಲಿ ಹಾಲು ಹೆಚ್ಚಿಸಿದರು. ನನ್ನ ಸರದಿ ಬಂತು. "ಮಾನ್ಯ ತೀರ್ಪುಗಾರರೇ, ಸಂಗೀತ ಯಾರನ್ನೂ ಅಳಿಸುವುದಿಲ್ಲ. ಅಭ್ಯಾಸ ಅಳಿಸುತ್ತದೆ. ಗಂಟೆ ಹೊಡೆದು ಹೊಡೆದು ಅನ್ನ ಹಾಕಿದರೆ ಕೊನೆಗೆ ಬರೀ ಗಂಟೆಗೇ ನಾಯಿಯ ಜೊಲ್ಲು ಸುರಿಯುತ್ತದೆ. ರಸಿಕರಿಗೂ ಆ ನಾಯಿಗೂ ವ್ಯತ್ಯಾಸವೇನೆಂದರೆ, ನಾಯಿ ಟಿಕೆಟ್ ತೆಗೆದುಕೊಂಡು ಬಂದಿರುವುದಿಲ್ಲ!" ಎಂದೆ. ಹಿಂದಿನ ಬೆಂಚುಗಳಿಂದ ಶಿಳ್ಳೆ. ಪರ್ಯಾಯ ಪಾರಿತೋಷಕ ನಮ್ಮ ಕಾಲೇಜಿಗೆ. ಒಂದು ದಿನದ ಮಟ್ಟಿಗೆ ಅದನ್ನು ಮನೆಗೂ ತಂದು ಎಲ್ಲರ ಕಣ್ಣಿಗೆ ಬೀಳುವಂತೆ ಟೀವಿಯ ಮೇಲಿಟ್ಟೆ.

ಅವತ್ತು ಸಂಜೆ ನಮ್ಮಕ್ಕ ಗಿರಿಜ ಆ ಪಾರಿತೋಷಕದ ಮುಂದೆ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದಳು. "ಲೋ ಶಿವು, ನೀನು ಹೇಳಿದ್ದು ನಿಜಾನಾ, ಇಲ್ಲ ಪ್ರೈಜ್‌ಗೆ ಹೇಳಿದ್ದಾ?"

ಅಷ್ಟು ವರ್ಷ ಮಾತಾಡಿದ್ದೆ, ಯಾವ ತೀರ್ಪುಗಾರರೂ ಹೀಗೆ ಕೇಳಿರಲಿಲ್ಲ. "ನಿಜಾನೇ" ಎಂದುಬಿಟ್ಟೆ.

"ಹಂಗಾದ್ರೆ ನಂಗೆ ಅಳೋದು ಹೇಳ್ಕೊಡು."

ಅಕ್ಕನಿಗೆ ಮದುವೆ ಗೊತ್ತಾಗಿ ಎರಡು ವಾರವಾಗಿತ್ತು. ಗಂಡು ಯಾದವಗಿರಿಯವರು. ಕಾಂಪೌಂಡಿನೊಳಗೆ ಸಂಪಿಗೆ ಮರ, ಹಳೆಯ ಬಂಗಲೆ, ಒಳ್ಳೆಯ ಜನ. ನಮ್ಮ ತಂದೆಯದು ಮಾರ್ಕೆಟ್ಟಿನ ಹತ್ತಿರ ಗ್ರಂಧಿಗೆ ಅಂಗಡಿ. ವಿಭೂತಿ, ರುದ್ರಾಕ್ಷಿ, ಊದುಬತ್ತಿ, ಮಠಗಳಿಗೆ ಬೇಕಾದ ಪೂಜಾ ಸಾಮಾನು. ಎರಡು ಮನೆಯವರೂ ಒಂದೇ ಮಠದ ಭಕ್ತರು, ಹಾಗಾಗಿ ಮಾತುಕತೆ ಸಲೀಸಾಗಿ ಮುಗಿದಿತ್ತು. ಎಲ್ಲ ಸರಿಯಿತ್ತು, ಅಕ್ಕನ ನಗು ಒಂದನ್ನು ಬಿಟ್ಟು.

ಅವಳಿಗೆ ಗಾಬರಿಯಾದರೆ ನಗು ಬರುತ್ತದೆ. ಹುಟ್ಟಿನಿಂದ ಹಾಗೆ. ತಾತ ತೀರಿಕೊಂಡಾಗ ಜನ ತುಂಬಿದ ಪಡಸಾಲೆಯಲ್ಲಿ ನಕ್ಕಳು. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನೋಡಿ ನಕ್ಕಳು, ಮೇಲ್ವಿಚಾರಕರು ಅವಳ ಲಂಗದ ಮಡಿಕೆಯಲ್ಲೆಲ್ಲ ಚೀಟಿ ಹುಡುಕಿಸಿದರು. ಹೆಣ್ಣು ನೋಡಲು ಬಂದವರೆದುರಿಗೂ ಕಾಫಿ ತಟ್ಟೆ ಹಿಡಿದು ನಕ್ಕಳು. ಸದ್ಯ ಅವರು 'ಹುಡುಗಿ ಲವಲವಿಕೆಯಾಗಿದಾಳೆ' ಎಂದುಕೊಂಡರು. ಆದರೆ ನಿಶ್ಚಿತಾರ್ಥದ ದಿನ ಗಂಡಿನ ಸೋದರತ್ತೆ ಮಲ್ಲಮ್ಮಣ್ಣಿಯವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಮ್ಮ ಪಡಸಾಲೆಯಲ್ಲಿ ಒಂದು ಮಾತು ಉರುಳಿಸಿ ಹೋಗಿದ್ದರು. "ನಮ್ಮ ದೊಡ್ಡಣ್ಣನ ಸೊಸೆ ಹೆಣ್ಣೊಪ್ಸೋ ಹೊತ್ನಲ್ಲಿ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ಕಣವ್ವ. ಕಲ್ಲು ನಿಂತಂಗೆ ನಿಂತಿದ್ಲು. ಹನ್ನೆರಡು ವರ್ಷ ಆಯ್ತು, ಅವಳ ಮನಸ್ನಲ್ಲಿ ಏನಿದೆ ಅಂತ ಇನ್ನೂ ನಮಗೆ ತಿಳೀಲಿಲ್ಲ." ಅವರ ಪಕ್ಕ ಕೂತಿದ್ದ ಅಕ್ಕನ ಭಾವೀ ಅತ್ತೆ ಗೌರಮ್ಮ ಏನೂ ಹೇಳದೆ ಅಡಿಕೆ ಕತ್ತರಿಸುತ್ತಿದ್ದರು. ಸುಮ್ಮನಿದ್ದದ್ದರಿಂದಲೇ ಅಕ್ಕನಿಗೆ ಅವರ ಬಗ್ಗೆ ಇನ್ನೂ ಹೆಚ್ಚು ಭಯ.

"ಅಳದೇ ಇದ್ದೋಳ್ನೇ ಹನ್ನೆರಡು ವರ್ಷ ಆಡ್ಕೋತಾರೆ" ಎಂದಳು ಅಕ್ಕ. "ನಾನು ಅಲ್ಲಿ ಕಿಸಕ್ ಅಂದ್ರೆ? ಸಾಯೋವರ್ಗೂ ನನ್ನನ್ನ ಹುಚ್ಚಿ ಅಂತಾರೆ ಕಣೋ. ಇಲ್ಲಾಂದ್ರೆ ತವರುಮನೆ ಬಿಡೋಕೆ ಕಾದಿದ್ಲು ಅಂತಾರೆ. ಅಪ್ಪಾಜಿ ಮುಖ ಏನಾಗ್ಬೇಕು?"

ಈ ಊರಿನ ಮದುವೆಗಳನ್ನು ನೋಡದವರಿಗಾಗಿ ಒಂದು ಮಾತು. ಧಾರೆ, ಊಟ ಎಲ್ಲ ಆದಮೇಲೆ ಮಧ್ಯಾಹ್ನದ ಹೊತ್ತಿಗೆ ಹೆಣ್ಣೊಪ್ಪಿಸುವ ಶಾಸ್ತ್ರ. ತಾಯ್ತಂದೆ ಮಗಳ ಕೈಯನ್ನು ಹಾಲಿನಲ್ಲಿ ಅದ್ದಿಸಿ ಗಂಡಿನ ಕಡೆಯವರ ಕೈಗೆ ಒಪ್ಪಿಸುತ್ತಾರೆ. ಓಲಗದವರು ಅದಕ್ಕೆಂದೇ ಇಟ್ಟುಕೊಂಡ ಒಂದು ಧಾಟಿಯನ್ನು ನಾದಸ್ವರದಲ್ಲಿ ಎಳೆಯುತ್ತಾರೆ. ಅದು ಶುರುವಾದದ್ದೇ ತಡ, ಅಷ್ಟು ಹೊತ್ತು ಪಾಯಸಕ್ಕೆ ಗೋಡಂಬಿ ಕಮ್ಮಿಯಾಯಿತೆಂದು ಗೊಣಗುತ್ತಿದ್ದ ಹೆಂಗಸರೆಲ್ಲ ಸ್ವಿಚ್ಚು ಹಾಕಿದಂತೆ ಅಳುತ್ತಾರೆ. ಹೆಣ್ಣು ಹೋಗುತ್ತಿರುವುದು ಎಲ್ಲಿಗೆ? ನಮ್ಮನೆಯಿಂದ ಯಾದವಗಿರಿಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ, ಎದುರುಗಾಳಿಯಿದ್ದರೆ ಹನ್ನೆರಡು.

ನನಗೆ ಉಪಾಯ ತಕ್ಷಣ ಹೊಳೆಯಿತು. ಅಳು ಅಭ್ಯಾಸವೇ ಆಗಿದ್ದರೆ ಮಾಡಿಸೋಣ. ದಿನವೂ ಆ ಧಾಟಿಯನ್ನು ಟೇಪಿನಲ್ಲಿ ಹಾಕುವುದು, ಅದೇ ಹೊತ್ತಿಗೆ ಅಕ್ಕ ಈರುಳ್ಳಿ ಹೆಚ್ಚುವುದು. ಒಂದು ತಿಂಗಳು. ಆಮೇಲೆ ಈರುಳ್ಳಿ ಬೇಕಿಲ್ಲ, ಧಾಟಿ ಸಾಕು, ಕಣ್ಣೀರು ಧಾರಾಕಾರ. ನಗಬೇಡಿ. ಪಾರಿತೋಷಕ ಬಂದಿದ್ದು ಇದೇ ಸಿದ್ಧಾಂತಕ್ಕೆ.

ಧಾಟಿ ಬೇಕಲ್ಲ? ಟೇಪ್‌ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಂಜನಗೂಡು ಬಸ್ಸು ಹತ್ತಿ ಕಡಕೊಳದಲ್ಲಿ ಇಳಿದೆ. ನಮ್ಮ ಮದುವೆಗೆ ಗೊತ್ತು ಮಾಡಿದ್ದ ಓಲಗದ ಮಾದೇವಣ್ಣನ ಮನೆ ಅಲ್ಲಿ. ಮುಹೂರ್ತವಿಲ್ಲದ ದಿನ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ, ಮುಹೂರ್ತವಿದ್ದ ದಿನ ರಜ ಹಾಕಿ ನಾದಸ್ವರ. ಆ ಹೊತ್ತಿಗೆ ಮನುಷ್ಯ ಪಾಳಿ ಮುಗಿಸಿ ಬಂದು ಹಿತ್ತಲಲ್ಲಿ ಕಾಲು ಚಾಚಿ ಕೂತಿದ್ದ. ನನ್ನ ಬೇಡಿಕೆ ಕೇಳಿ ಹುಬ್ಬೇರಿಸಿದ.

"ಹೆಣ್ಣೇ ಇಲ್ದೆ ಒಪ್ಸೋದು ಯಾರ್ನ ಸ್ವಾಮಿ?"

"ಸುಮ್ಮನೆ ನುಡಿಸಿ ಮಾದೇವಣ್ಣ. ಅಕ್ಕಂಗೆ ಅಭ್ಯಾಸ ಆಗ್ಲಿ ಅಂತ. ಅಳು ಬರ್ಬೇಕು."

"ಇದನ್ನ ಕೇಳಿ ಯಾರೂ ಅಳಾಕಿಲ್ಲ."

ನನಗೆ ಖುಷಿಯಾಯಿತು. ನನ್ನ ಪಕ್ಷಕ್ಕೆ ಸ್ವತಃ ಓಲಗದವನೇ ಸಾಕ್ಷಿ! "ಮತ್ತೆ ಅಳ್ತಾರಲ್ಲ?"

"ಅದು ನಾನು ನುಡಿಸ್ದಾಗಲ್ಲ ಸ್ವಾಮಿ, ನಿಲ್ಸ್‌ದಾಗ. ಬೆಳಗಿಂದ ಡೋಲು ಬಡ್ದು ಬಡ್ದು ಎಲ್ರ ಕಿವಿ ತುಂಬ್ಸಿರ್ತೀವಿ. ಒಪ್ಸೋ ಹೊತ್ನಲ್ಲಿ ಡೋಲ್ನೋನ್ಗೆ ಕಣ್ಣಲ್ಲೇ ಸನ್ನೆ ಮಾಡ್ತೀನಿ, ಅವ್ನು ಕೈ ಎತ್ಬುಡ್ತಾನೆ. ಆಮೇಕೆ ಒಂದು ಗಳಿಗೆ ಪೀಪೀನೊಂದೇ. ಅದನ್ನೂ ನಿಲ್ಸ್‌ಬುಡ್ತೀನಿ. ಕಿವಿ ಖಾಲಿ ಆಯ್ತದೆ ನೋಡಿ, ಆಗ ಜನಕ್ಕೆ ಎಲ್ಲಿ ನಿಂತಿದ್ದೀವಿ ಅನ್ನೋದು ತಿಳೀತದೆ. ಎಲ್ಲಿ ನಿಲ್ಸ್‌ಬೇಕು ಅನ್ನೋದೇ ಇದ್ಯೆ. ನುಡಿಸೋದು ಯಾರು ಬೇಕಾದ್ರೂ ನುಡಿಸ್ತಾರೆ."

ಹಳ್ಳಿಯ ಕಸುಬುದಾರರು ಇಂಥ ತತ್ವ ಹೇಳುವುದು ಮಾಮೂಲು ಎಂದುಕೊಂಡು ನಾನು ಅದನ್ನು ಪಕ್ಕಕ್ಕಿಟ್ಟೆ. ಅಷ್ಟೇ ಅಲ್ಲ, ನನ್ನ ಪ್ರಯೋಗಕ್ಕೆ ಈ ನಿಲ್ಲಿಸುವ ಬುದ್ಧಿವಂತಿಕೆಯಿಂದ ಅಪಾಯವಿದೆ ಎಂದೂ ಹೊಳೆಯಿತು. ಧಾಟಿ ನಿಂತರೆ ಅಕ್ಕನ ಕಣ್ಣೀರೂ ನಿಂತೀತು! "ನಮ್ಮ ಮದುವೇಲಿ ಮಾತ್ರ ನಿಲ್ಲಿಸ್ಬೇಡಿ ಮಾದೇವಣ್ಣ. ಅಕ್ಕ ಕಾರು ಹತ್ತೋವರ್ಗೂ ನುಡಿಸ್ತಾನೇ ಇರ್ಬೇಕು" ಎಂದೆ.

ಅವನು ನನ್ನನ್ನು ಒಂದು ಸಲ ಅಡಿಯಿಂದ ಮುಡಿವರೆಗೆ ನೋಡಿದ. "ಆಯ್ತು ಬುಡಿ, ಓದ್ದೋರು ನೀವು" ಎಂದು ನಾದಸ್ವರ ಎತ್ತಿಕೊಂಡ. ನಾನು ಕೆಂಪು ಗುಂಡಿ ಒತ್ತಿದೆ. ಧಾಟಿ ಏರುತ್ತಾ ಹೋಗಿ, ಮೇಲೆ ಒಂದು ಸ್ವರದ ಮೇಲೆ ನಿಂತು ನಡುಗಿತು. ಸರಿಯಾಗಿ ಅಲ್ಲಿಗೆ ಹಿತ್ತಲ ಮಂಕರಿಯಲ್ಲಿದ್ದ ಕೋಳಿಯೊಂದು ಮೊಟ್ಟೆಯಿಟ್ಟು, ಆ ಸಂಗತಿಯನ್ನು ಲೋಕಕ್ಕೆ ಸಾರಿತು. ಕೊಕ್ಕೊಕ್ಕೊಕ್ಕೋ ಕ್ಕೋ! ಮಾದೇವಣ್ಣ ಕಣ್ಣು ಮಿಟುಕಿಸಲಿಲ್ಲ. ಎಷ್ಟೋ ಮದುವೆಗಳ ಗಲಾಟೆ ಕಂಡ ಜೀವ. ಇನ್ನೊಂದು ಸಲ ನುಡಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು.

ಮಾರನೆಯ ದಿನದಿಂದ ಪ್ರಯೋಗ ಶುರು. ಸಂಜೆ ಅಕ್ಕ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂರುವಳು. ನಾನು ಹೊಸಿಲ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಗುಂಡಿ ಒತ್ತುವೆ. ಮೊದಲ ದಿನಗಳಲ್ಲಿ ಫಲಿತಾಂಶ ಅಮೋಘ. ಅಕ್ಕನ ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದವು. ತೊಂದರೆ ಬಂದದ್ದು ಕೋಳಿಯಿಂದ. ಅದು ಕೂಗುವ ಜಾಗ ಹತ್ತಿರ ಬಂದಂತೆ ಇಬ್ಬರ ತುಟಿಯೂ ಬಿಗಿಯುತ್ತಿತ್ತು. ಅದು ಕೂಗಿದ ತಕ್ಷಣ ಅಕ್ಕ ಈರುಳ್ಳಿ ಹಿಡಿದ ಕೈಯಲ್ಲೇ ರೆಕ್ಕೆ ಬಡಿದು "ಕೊಕ್ಕೋ" ಎನ್ನುವಳು. ನಾನು ಗಂಭೀರವಾಗಿ "ಪ್ರಯೋಗಕ್ಕೆ ಭಂಗ ತರ್ಬೇಡ" ಎನ್ನುವೆ. ಮರುಕ್ಷಣ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವೆವು. ಚಿಕ್ಕಂದಿನಿಂದ ಜಗಳವಾಡಿಕೊಂಡೇ ಬಂದವರು ನಾವು. ದಿನಕ್ಕೆ ಅರ್ಧ ಗಂಟೆ ಒಂದೇ ಕಡೆ ಕೂತು ನಕ್ಕದ್ದು ಅದೇ ಮೊದಲು.

"ಮದ್ವೆ ಮನೇಲಿ ದಿನಾ ಹೆಣ್ಣೊಪ್ಸೋದು ಹಾಕ್ಕೊಂಡು ಕೂತಿದೀರಲ್ಲ, ಬುದ್ಧಿ ಇದೆಯೇನ್ರೋ ನಿಮಗೆ? ಅಪಶಕುನ!" ಎಂದು ಅಮ್ಮ ಬೈಯುತ್ತಿದ್ದಳು. ಬೈಯುತ್ತಲೇ ಹೆಚ್ಚಿಟ್ಟ ಈರುಳ್ಳಿಯನ್ನು ಒಗ್ಗರಣೆಗೆ ಸುರಿಯುತ್ತಿದ್ದಳು. ಅಷ್ಟು ಈರುಳ್ಳಿಯನ್ನು ಮತ್ತೇನು ಮಾಡುತ್ತಾಳೆ? ಆ ತಿಂಗಳು ಪೂರ್ತಿ ನಮ್ಮನೆಯಲ್ಲಿ ಈರುಳ್ಳಿ ಹುಳಿ, ಈರುಳ್ಳಿ ಗೊಜ್ಜು, ಈರುಳ್ಳಿ ದೋಸೆ, ಮತ್ತೆ ಈರುಳ್ಳಿ ಹುಳಿ.

ಮೂರನೇ ವಾರದ ಕೊನೆಗೆ ಪರೀಕ್ಷೆ ಇಟ್ಟೆ. ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿ, ಈರುಳ್ಳಿಯಿಲ್ಲದೆ ಬರೀ ಧಾಟಿ ಹಾಕಿದೆ. ಅಕ್ಕನ ಕಣ್ಣು ಬೇಸಿಗೆಯ ಬಾವಿಯಂತೆ ಒಣಗಿಕೊಂಡಿತ್ತು. ಕೋಳಿಯ ಜಾಗಕ್ಕೆ ಬಂದಾಗ ಕಿಸಕ್ ಎಂದಳು. ಅಷ್ಟರಲ್ಲಿ ಒಳಕೋಣೆಯಲ್ಲಿ ಅಂಗಡಿಯ ಪಟ್ಟಿ ಬರೆಯುತ್ತಿದ್ದ ಅಪ್ಪಾಜಿ ಎದ್ದು ಬಂದು, ಅಂಗಿಯ ತೋಳು ಮಡಿಸಿಕೊಳ್ಳುತ್ತಾ, "ಏನೇ, ಊಟಕ್ಕೆ ಆಯ್ತಾ? ಹುಳಿ ವಾಸನೆ ಬಂತು" ಎಂದರು. ಒಲೆ ಹಚ್ಚಿಯೇ ಇರಲಿಲ್ಲ. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು.

ಸಿದ್ಧಾಂತ ನೂರಕ್ಕೆ ನೂರು ನಿಜವಾಗಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಅಭ್ಯಾಸ ಆಗಿತ್ತು. ಆಗಬಾರದವರಿಗೆ ಆಗಬಾರದ್ದು ಆಗಿತ್ತು, ಅಷ್ಟೆ. ಲೋಕದ ಅತ್ಯಂತ ಕರುಣಾಜನಕ ಧಾಟಿಗೆ ಇಡೀ ಸಂಸಾರ ತಟ್ಟೆ ಹಾಕಿಕೊಂಡು ಕೂರುವ ಹಾಗಾಗಿತ್ತು. ಈಗ ಪಕ್ಕದವರ ಕಾರು ಹಿಂದಕ್ಕೆ ಹೋಗುವಾಗ ಮೂಗಿನಲ್ಲಿ ಹಾಡುವುದೂ ಹೆಚ್ಚುಕಡಿಮೆ ಇದೇ ಧಾಟಿ. "ಈಗೇನೋ ಮಾಡೋದು?" ಎಂದಳು ಅಕ್ಕ, ಗಾಬರಿಯಿಂದ, ಅಂದರೆ ನಗುತ್ತಾ. "ಇನ್ನೂ ಒಂದು ವಾರ ಇದೆ" ಎಂದೆ. ನಾಲ್ಕನೇ ವಾರವೂ ಈರುಳ್ಳಿ.

ಮದುವೆಯ ದಿನ ಬಂತು. ಛತ್ರದಲ್ಲಿ ಬೆಳಗಿನ ಐದರಿಂದ ಡೋಲು. ಮಾದೇವಣ್ಣ ಹೇಳಿದ್ದಂತೆ ಎಲ್ಲರ ಕಿವಿಯೂ ತುಂಬಿ ತುಳುಕುತ್ತಿತ್ತು. ಪಕ್ಕದವರಿಗೆ ಉಪ್ಪು ಕೊಡಿ ಎಂದರೆ ಉಪ್ಪಿನಕಾಯಿ ಬರುತ್ತಿತ್ತು. ಧಾರೆಯಾಯಿತು, ಊಟವಾಯಿತು. ಮೂರು ಗಂಟೆಯ ಸುಮಾರಿಗೆ ಮಂಟಪದಲ್ಲಿ ಎರಡು ಕಡೆಯವರೂ ಸೇರಿದರು. ಹೆಣ್ಣಿನ ತಮ್ಮನಾದ್ದರಿಂದ ಹಾಲಿನ ಬೆಳ್ಳಿ ಬಟ್ಟಲು ಹಿಡಿದು ನಿಲ್ಲುವ ಕೆಲಸ ನನ್ನದು. ನನ್ನ ಎಡಕ್ಕೆ ಅಮ್ಮ, ಅಪ್ಪಾಜಿ, ನಡುವೆ ಅಕ್ಕ. ಎದುರಿಗೆ ಭಾವನ ಪಕ್ಕದಲ್ಲಿ ಗೌರಮ್ಮ. ಅವರ ಹಿಂದೆ, ಕನ್ನಡಕ ಒರೆಸಿ ಹಾಕಿಕೊಂಡು, ಒಂದು ಹನಿಯೂ ಲೆಕ್ಕ ತಪ್ಪಬಾರದೆಂಬಂತೆ, ಮಲ್ಲಮ್ಮಣ್ಣಿ.

ಡೋಲಿನವನು ಕೈ ಎತ್ತಿದ. ಧಾಟಿ ಶುರುವಾಯಿತು.

ಅಪ್ಪಾಜಿ ಮೂಗರಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅಮ್ಮ ಅಕ್ಕನ ಕೈ ಹಿಡಿದು ಹಾಲಿಗೆ ಅದ್ದುತ್ತಲೇ ನನ್ನ ಕಡೆ ಬಾಗಿ, "ಒಲೆ ಮೇಲೆ ಏನಾದ್ರೂ ಬಿಟ್ಟು ಬಂದಿದೀವೇನೋ?" ಎಂದು ಪಿಸುಗುಟ್ಟಿದಳು. ಗೌರಮ್ಮ ಬೊಗಸೆ ಒಡ್ಡಿದರು. ಅಕ್ಕನ ಒದ್ದೆ ಕೈ ಅವರ ಕೈಯೊಳಗೆ ಹೋಯಿತು. ಅಕ್ಕನ ಕಣ್ಣಲ್ಲಿ ಏನೂ ಇಲ್ಲ. ಕಾಡಿಗೆ ಕೂಡ ಅಲುಗಿರಲಿಲ್ಲ. ಮೇಲಕ್ಕೇರಿದ ನಾದಸ್ವರ ಆ ಒಂದು ಸ್ವರದ ಮೇಲೆ ನಿಂತು ನಡುಗತೊಡಗಿತು.

ಕೋಳಿಯ ಜಾಗ.

ನೋಡಬಾರದಿತ್ತು, ನೋಡಿದೆ. ಅಕ್ಕನೂ ನನ್ನನ್ನೇ ನೋಡುತ್ತಿದ್ದಳು. ಆ ನಡುಗುವ ಸ್ವರದ ತುದಿಯಲ್ಲಿ ನಮ್ಮಿಬ್ಬರಿಗೆ ಮಾತ್ರ ಕಡಕೊಳದ ಕೋಳಿ ಮೊಟ್ಟೆಯಿಟ್ಟು ಕೂಗಿತು. ಅಕ್ಕ ಥಟ್ಟನೆ ತಲೆ ಬಗ್ಗಿಸಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಲುಕುಲು ಕುಲುಕಿತು.

"ಅಯ್ಯೋ ಮಗಳೇ!" ಎಂದು ಹಿಂದಿನಿಂದ ನಮ್ಮ ಕಡೆಯ ಹೆಂಗಸೊಬ್ಬಳು ಕೂಗಿದಳು. ಕುಲುಕುವ ಭುಜ ನೋಡಿದವರಿಗೆ ಅದು ಅಳುವೇ. ಒಬ್ಬರ ಹಿಂದೆ ಒಬ್ಬರಂತೆ ಇಡೀ ಮಂಟಪ ಅಳತೊಡಗಿತು. ಮಲ್ಲಮ್ಮಣ್ಣಿಯವರೂ ಕನ್ನಡಕ ತೆಗೆದರು. ಬದುಕಿಕೊಂಡೆವು ಅಂದುಕೊಂಡೆ. ಮಾದೇವಣ್ಣ ನಿಲ್ಲಿಸದಿದ್ದರೆ ಸಾಕು; ನಾದಸ್ವರದ ಸದ್ದಿನಡಿ ಅವಳ ನಗು ಮುಚ್ಚಿಹೋಗುತ್ತದೆ. ಅವನ ಕಡೆ ತಿರುಗಿ, ಬಟ್ಟಲು ಹಿಡಿದ ಕೈಯಲ್ಲೇ, ನುಡಿಸಿ ನುಡಿಸಿ ಎಂದು ಬೆರಳಾಡಿಸಿದೆ.

ಅವನು ನನ್ನನ್ನು ನೋಡಿದ. ಅಕ್ಕನನ್ನು ನೋಡಿದ. ನಾದಸ್ವರವನ್ನು ತುಟಿಯಿಂದ ತೆಗೆದುಬಿಟ್ಟ.

ಬೆಳಗಿನಿಂದ ಕಿವಿಗಡಚಿಕ್ಕಿದ್ದ ಸದ್ದೆಲ್ಲ ಒಮ್ಮೆಲೇ ಇಲ್ಲವಾಯಿತು. ಹೆಂಗಸರು ಕೂಡ ಉಸಿರೆಳೆದುಕೊಳ್ಳಲು ನಿಂತರು. ಹಾಲಿನ ಹನಿ ಅಕ್ಕನ ಬೆರಳಿಂದ ಬಟ್ಟಲಿಗೆ ಬಿದ್ದದ್ದು ಕೇಳಿಸಿತು. ಮರುಕ್ಷಣ ಸೆರಗಿನೊಳಗಿಂದ ಅಕ್ಕನ ಗಂಟಲಿನ ಸದ್ದು, 'ಹಿಕ್' ಎಂದು. ಇನ್ನೊಂದು ಹೊರಟರೆ ಮುಗಿಯಿತು, ಯಾರ ಕಿವಿಗೂ ಅದು ಅಳುವಾಗಿ ಕೇಳುವುದಿಲ್ಲ.

ಗೌರಮ್ಮ ಮುಂದಕ್ಕೆ ಬಾಗಿ ಅಕ್ಕನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ಒಂದು ಮೊಳ ದೂರದಲ್ಲಿ ನಿಂತಿದ್ದ ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅವಳ ಕಿವಿಯಲ್ಲಿ ಹೇಳಿದರು. "ನಗು ಬಂತೇನವ್ವಾ? ನಂಗೂ ಹಿಂಗೇ ಬಂದಿತ್ತು ಕಣೇ. ಇಲ್ಲಿ ಮುಖ ಇಟ್ಕೋ, ಯಾರಿಗೂ ಕಾಣಲ್ಲ."

ಆಮೇಲೆ ತಲೆಯೆತ್ತಿ, ಹಿಂದಿದ್ದ ಮಲ್ಲಮ್ಮಣ್ಣಿಗೆ ಗಟ್ಟಿಯಾಗಿ, "ಎಷ್ಟು ಅಳ್ತದೆ ನೋಡಿ ಮಗು! ಸ್ವಲ್ಪ ಸರೀರಿ, ಗಾಳಿ ಬಿಡಿ" ಎಂದರು.

ಅಕ್ಕ ಆಗ ಅತ್ತಳು. ಸಿನಿಮಾದಲ್ಲಿ ಅಳುವ ಹಾಗಲ್ಲ. ಮೂಗು ಸುರಿಸಿಕೊಂಡು, ಬಿಕ್ಕಳಿಸಿಕೊಂಡು, ಗೌರಮ್ಮನವರ ರೇಷ್ಮೆ ಸೀರೆಯ ಭುಜಕ್ಕೆಲ್ಲ ಕಾಡಿಗೆ ಬಳಿದು, ಜಾತ್ರೆಯಲ್ಲಿ ಕಳೆದುಹೋಗಿ ಸಿಕ್ಕಿದ ಮಗು ಅಳುವಂತೆ ಅತ್ತಳು. ನಿಲ್ಲಿಸಲು ಅವಳಿಗೇ ಆಗಲಿಲ್ಲ. "ಸಾಕು ಕಣವ್ವ, ಕಾರು ಕಾಯ್ತಾ ಇದೆ" ಎಂದರೆ ಇನ್ನಷ್ಟು. ಅಮ್ಮ ಕೈಯಲ್ಲಿದ್ದ ಅರಿಶಿನದ ತಟ್ಟೆಯನ್ನು ಯಾರ ಕೈಗೋ ಕೊಟ್ಟು ಕಂಬದ ಮರೆಗೆ ಹೋದಳು. ಅಪ್ಪಾಜಿ ಒಂದೇ ಸಮನೆ ಎಲ್ಲರಿಗೂ "ಏನು ದೂರ, ಯಾದವಗಿರಿ ತಾನೇ, ಯಾದವಗಿರಿ ತಾನೇ" ಎಂದು ಸಮಾಧಾನ ಹೇಳುತ್ತಾ ಓಡಾಡಿದರು. ಯಾರೂ ಅವರನ್ನು ಕೇಳಿರಲಿಲ್ಲ. ಮಲ್ಲಮ್ಮಣ್ಣಿಯವರು ಮೂಗು ಸೀಟಿಕೊಂಡು, "ಹುಡುಗೀಗೆ ಕರುಳಿದೆ ಬುಡಿ" ಎಂದು ತೀರ್ಪು ಕೊಟ್ಟರು.

ಕಾರು ಹೋಯಿತು. ಮುಂದಕ್ಕೇ ಹೋದದ್ದರಿಂದ ಸದ್ದಿಲ್ಲದೆ ಹೋಯಿತು.

ಛತ್ರದ ಬಾಗಿಲಲ್ಲಿ ನಾನಿನ್ನೂ ಹಾಲಿನ ಬಟ್ಟಲು ಹಿಡಿದು ನಿಂತಿದ್ದೆ. ಮಾದೇವಣ್ಣ ನಾದಸ್ವರವನ್ನು ಬಟ್ಟೆಯ ಚೀಲಕ್ಕೆ ಇಳಿಸುತ್ತಾ ಪಕ್ಕಕ್ಕೆ ಬಂದ. ನನಗೆ ಅವನ ವಿರುದ್ಧ ಹೇಳುವುದು ಬೇಕಾದಷ್ಟಿತ್ತು. ಮಾತು ಕೊಟ್ಟು ತಪ್ಪಿದ. ಅಕ್ಕನನ್ನು ಮುಳುಗಿಸಲು ಕೂದಲೆಳೆಯಷ್ಟೇ ಬಾಕಿಯಿತ್ತು. ಗೌರಮ್ಮ ಇಲ್ಲದಿದ್ದರೆ? ಮತ್ತೆ, ಅಕ್ಕ ಅತ್ತದ್ದು ಅವನು ನಿಲ್ಲಿಸಿದ್ದಕ್ಕಲ್ಲ, ಗೌರಮ್ಮ ಹೇಳಿದ ಆ ಒಂದು ಮಾತಿಗೆ. ಆದ್ದರಿಂದ ಇದರಲ್ಲಿ ಸಂಗೀತದ ಪಾತ್ರ ಸೊನ್ನೆ. ಆದರೆ ಅವನು ನಿಲ್ಲಿಸದಿದ್ದರೆ ಆ ಮಾತು ಅಕ್ಕನಿಗೆ ಕೇಳುತ್ತಿತ್ತೇ ಎಂದು ಎದುರಾಳಿ ಪಕ್ಷ ಕೇಳಬಹುದು. ಅದಕ್ಕೂ ಉತ್ತರ ಇದೆ, ಇರಲೇಬೇಕು. ಎಲ್ಲವೂ ಅಂಶ ಅಂಶವಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಎಂಗೆ ಸ್ವಾಮಿ?" ಎಂದ ಮಾದೇವಣ್ಣ. "ನಿಲ್ಸಿದ್ದು ಸರಿ ಆಯ್ತಾ?"

ಬಾಯಿ ತೆರೆದೆ. ಇನ್ನೊಂದು ಸಲ ತೆರೆದೆ. ಯಾವುದೋ ಒಂದು ಸದ್ದು ಬಂತು, ಅದು ಮಾತಾಗಿರಲಿಲ್ಲ.

ಅವನು ನನ್ನ ಮುಖ ನೋಡಲಿಲ್ಲ. ಚೀಲದ ದಾರ ಬಿಗಿಯುತ್ತಾ, ಬೀದಿಯ ಕಡೆ ನೋಡಿಕೊಂಡೇ ಹೇಳಿದ.

"ಒಂದು ಲೋಟ ನೀರು ಕುಡೀರಿ ಸ್ವಾಮಿ. ವಾದ ಆಮೇಕೆ ಮಾಡಣ."